ಟೇಪಿನ ಬಾಲದಲ್ಲಿ ಉಳಿದದ್ದು: ಒಂದು ಕೇಬಲ್ ಚಾನೆಲ್ ಸುದ್ದಿ ವಿಭಾಗದ ಚರಿತ್ರೆ ಕಟ್ಟಿದ ಬಗೆ

ಜಿಲ್ಲಾ ಕೇಂದ್ರದ ಕೇಬಲ್ ಚಾನೆಲ್ಲಿನ ಸುದ್ದಿ ವಿಭಾಗಕ್ಕೆ ಚರಿತ್ರೆ ಬರೆಯಲು ಹೊರಟವರಿಗೆ ಮೊದಲು ಗೊತ್ತಾಗುವುದು, ಪ್ರಸಾರವಾದ ಬುಲೆಟಿನ್ ಚಾನೆಲ್ಲಿನಲ್ಲಿ ಎಲ್ಲೂ ಇಲ್ಲ ಎಂಬುದು. ರಾತ್ರಿ ಹೋದ ಸುದ್ದಿಯ ಕ್ಯಾಸೆಟ್ ಮರುದಿನ ಬೆಳಗ್ಗೆ ರಿವೈಂಡ್ ಆಗಿ ಮತ್ತೆ ಕ್ಯಾಮೆರಾಕ್ಕೆ ಹೋಗುತ್ತಿತ್ತು. ಹೊಸ ಟೇಪಿಗೆ ದುಡ್ಡು ಬೇಕು, ಹಳೇ ಸುದ್ದಿಯನ್ನು ಕೇಳುವವರಿಲ್ಲ. ಉಳಿದಿರುವುದೆಲ್ಲ ಅಳಿಸಲು ಹೆದರಿದ್ದು ಅಥವಾ ಅಳಿಸಲು ಮರೆತದ್ದು. ಮಲೆನಾಡಿನ ಒಂದು ಜಿಲ್ಲಾ ಕೇಂದ್ರದ ಚಾನೆಲ್ಲಿಗೆ ಈ ಕೆಲಸ ಮಾಡಿದಾಗ ಅನುಸರಿಸಿದ ಕ್ರಮ ಇಲ್ಲಿದೆ. ಚಾನೆಲ್ಲಿನ ಹೆಸರು ಇಲ್ಲಿ ಮುಖ್ಯವಲ್ಲ. ರಾಜ್ಯದ ಯಾವ ಊರಿನ ಬೀರು ತೆಗೆದರೂ ಹೆಚ್ಚುಕಡಿಮೆ ಇದೇ ಸಾಮಾನು ಸಿಗುತ್ತದೆ.

ಮೊದಲು ಕಾಲದ ಚೌಕಟ್ಟು ಹಾಕಿಕೊಳ್ಳಬೇಕು. ಕರ್ನಾಟಕಕ್ಕೆ ಟಿವಿ ಬಂದದ್ದು ಬೆಂಗಳೂರಿನ ದಾರಿಯಲ್ಲಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ಟಿವಿ ಶಿಕ್ಷಣ ಪ್ರಯೋಗದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಮೊದಲು ಪರದೆ ಕಂಡವು. 1977ರಲ್ಲಿ ಗುಲ್ಬರ್ಗದ ದೂರದರ್ಶನ ಕೇಂದ್ರ, 1981ರ ನವೆಂಬರ್‌ನಲ್ಲಿ ಬೆಂಗಳೂರು ಕೇಂದ್ರ. ಅಲ್ಲಿಂದ ಬರುವ ವಾರ್ತೆಯಲ್ಲಿ ತಾಲ್ಲೂಕಿನ ಸುದ್ದಿಗೆ ಜಾಗ ಸಿಗುವುದು ಮಳೆಗೆ ಸೇತುವೆ ಕೊಚ್ಚಿಹೋದರೆ, ಇಲ್ಲವೇ ಮುಖ್ಯಮಂತ್ರಿ ಬಂದರೆ. ಆ ಖಾಲಿ ಜಾಗವನ್ನು ತುಂಬಿದ್ದು 1990ರ ದಶಕದ ಕೇಬಲ್ ಆಪರೇಟರ್. 1994ರಲ್ಲಿ ಉದಯ ಟಿವಿ ಬಂದಮೇಲೆ ಕೇಬಲ್ ಸಂಪರ್ಕ ಮನೆಮನೆಗೆ ಹಬ್ಬಿತು. ತಂತಿ ಹೇಗೂ ಇದೆ, ಅದರಲ್ಲಿ ಒಂದು ಚಾನೆಲ್ ನಮ್ಮದೂ ಇರಲಿ ಎಂಬುದು ಆಪರೇಟರ್‌ಗಳ ಲೆಕ್ಕ.

ಚಾನೆಲ್ ಯಾವಾಗ ಶುರುವಾಯಿತು ಎಂದು ಕೇಳಿದರೆ ಹಳಬರು ತಲೆಗೊಂದು ವರ್ಷ ಹೇಳುತ್ತಾರೆ. ದಾಖಲೆ ಬೇರೆ ಕಡೆ ಇದೆ. 1995ರ ಕೇಬಲ್ ಟೆಲಿವಿಷನ್ ಜಾಲ ಕಾಯ್ದೆಯ ಪ್ರಕಾರ ಆಪರೇಟರ್ ನೋಂದಣಿ ಮಾಡಿಸಬೇಕಿದ್ದದ್ದು ಪ್ರಧಾನ ಅಂಚೆ ಕಚೇರಿಯಲ್ಲಿ, ವರ್ಷ ವರ್ಷ ನವೀಕರಿಸಬೇಕಿತ್ತು. ಆ ಪ್ರಮಾಣಪತ್ರಗಳನ್ನು ಆಪರೇಟರ್‌ಗಳು ಜೋಪಾನವಾಗಿ ಇಟ್ಟಿರುತ್ತಾರೆ, ಏಕೆಂದರೆ ಅವರ ಪಾಲಿಗೆ ಅದು ಆಸ್ತಿಪತ್ರ. ಆದರೆ ಅದು ಸಾಬೀತು ಮಾಡುವುದು ಕೇಬಲ್ ಇದ್ದದ್ದನ್ನು ಮಾತ್ರ. ಸುದ್ದಿ ಶುರುವಾದ ದಿನಕ್ಕೆ ಜಾಹೀರಾತಿನ ರಸೀದಿ ಪುಸ್ತಕ ನೋಡಬೇಕು. ‘ಸುದ್ದಿ ಮಧ್ಯೆ’, ‘ಸುದ್ದಿ ಮುನ್ನ’ ಎಂದು ಷರಾ ಬರೆದ ಮೊದಲ ರಸೀದಿಯ ಹೊತ್ತಿಗೆ ಬುಲೆಟಿನ್ ನಡೆಯುತ್ತಿತ್ತು ಎಂದು ಧೈರ್ಯವಾಗಿ ಹೇಳಬಹುದು. ಪೆಟ್ರೋಲ್ ವೋಚರ್, ಕ್ಯಾಸೆಟ್ ಖರೀದಿ ಬಿಲ್, ಕ್ಯಾಮೆರಾ ಯಾರು ಒಯ್ದರು ಯಾವಾಗ ತಂದರು ಎಂಬ ರಿಜಿಸ್ಟರ್ ಈ ಮೂರೂ ಬುಲೆಟಿನ್‌ಗಿಂತ ಹೆಚ್ಚು ಸತ್ಯ ಹೇಳುತ್ತವೆ. ಪ್ರೆಸ್‌ಗೆ ಬಂದ ಆಮಂತ್ರಣ ಪತ್ರಿಕೆಗಳ ಬೆನ್ನನ್ನೂ ನೋಡಬೇಕು. ವರದಿಗಾರರು ಸ್ಕ್ರಿಪ್ಟ್ ಗೀಚುತ್ತಿದ್ದದ್ದು ಅಲ್ಲೇ.

ಇನ್ನು ಟೇಪು. ಬೀರುವಿನ ಸಾಮಾನನ್ನು ಮುಟ್ಟುವ ಮೊದಲು ಇದ್ದಂತೆಯೇ ಫೋಟೊ ತೆಗೆಯಬೇಕು, ಕಪಾಟಿನ ಪ್ರತಿ ಅಡ್ಡಹಲಗೆಗೆ ಒಂದರಂತೆ. ಟೇಪುಗಳನ್ನು ಜೋಡಿಸಿಟ್ಟ ಕ್ರಮವೂ ಒಂದು ಸಾಕ್ಷಿ. ಲೇಬಲ್ ಉದುರಿದ ಕ್ಯಾಸೆಟ್ಟಿನ ವರ್ಷವನ್ನು ಅದರ ಅಕ್ಕಪಕ್ಕದವು ಹೇಳುತ್ತವೆ. ನಂತರ ಪ್ರತಿ ಟೇಪಿಗೂ ಒಂದು ಸಂಖ್ಯೆ, ಪೆನ್ಸಿಲಿನಲ್ಲಿ ಬರೆದ ಕಾಗದದ ಚೀಟಿ. ಹಳೇ ಲೇಬಲ್ ಕೀಳಬಾರದು, ಅದರ ಮೇಲೆ ಬರೆಯಲೂ ಬಾರದು. ಒಂದೇ ಲೇಬಲ್ ಮೇಲೆ ಮೂರು ಕಾರ್ಯಕ್ರಮಗಳ ಹೆಸರು ಹೊಡೆದು ಹಾಕಿ ನಾಲ್ಕನೆಯದನ್ನು ಬರೆದಿದ್ದರೆ ಆ ಹೊಡೆದ ಮೂರೂ ಪಟ್ಟಿಗೆ ಸೇರಬೇಕು.

ನಂತರ ರೆಕಾರ್ಡಿಂಗ್ ತಡೆ. ವಿಎಚ್‌ಎಸ್ ಕ್ಯಾಸೆಟ್ಟಿನ ಬೆನ್ನಿನ ಎಡತುದಿಯ ಪ್ಲಾಸ್ಟಿಕ್ ತುಂಡನ್ನು ಮುರಿಯಬೇಕು, ಆಮೇಲೆ ಬಂದ ಪುಟ್ಟ ಡಿಜಿಟಲ್ ಕ್ಯಾಸೆಟ್ ಮಿನಿಡಿವಿಯಲ್ಲಿ ಸ್ವಿಚ್ಚನ್ನು ‘ಸೇವ್’ ಕಡೆ ಸರಿಸಬೇಕು. ಪ್ಲೇ ಒತ್ತುವ ಬದಲು ರೆಕಾರ್ಡ್ ಒತ್ತಿದರೆ ಇಪ್ಪತ್ತೈದು ವರ್ಷ ಉಳಿದದ್ದು ಹತ್ತು ಸೆಕೆಂಡಿನಲ್ಲಿ ಹೋಗುತ್ತದೆ.

ಮಲೆನಾಡಿನಲ್ಲಿ ದೊಡ್ಡ ಶತ್ರು ಬೂಷ್ಟು. ವಿಎಚ್‌ಎಸ್ ಕ್ಯಾಸೆಟ್ಟಿನ ಕಿಟಕಿಗೆ ಟಾರ್ಚ್ ಹಿಡಿದರೆ ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಚುಕ್ಕಿ, ನೂಲಿನಂಥ ಎಳೆ ಕಾಣುತ್ತದೆ. ಅಂಥದ್ದನ್ನು ವಿಸಿಆರ್‌ಗೆ ಹಾಕಬಾರದು. ಟೇಪು ಓದುವ ಹೆಡ್ ಕಟ್ಟಿಕೊಳ್ಳುವುದು ಒಂದು ತೊಂದರೆ. ಆ ಯಂತ್ರಕ್ಕೆ ಆಮೇಲೆ ಹಾಕುವ ಒಳ್ಳೆಯ ಟೇಪಿಗೂ ಬೂಷ್ಟು ಅಂಟುವುದು ಇನ್ನೂ ದೊಡ್ಡ ತೊಂದರೆ. ಬೂಷ್ಟಿನವನ್ನು ಬೇರೆ ಡಬ್ಬಿಗೆ ಹಾಕಿ ಸಿಲಿಕಾ ಜೆಲ್ ಜೊತೆ ಒಣಗಲು ಬಿಡಬೇಕು, ಬಿಸಿಲಿಗೆ ಇಡಬಾರದು. ಚೆನ್ನಾಗಿ ಒಣಗಿದ ಮೇಲೆ ಬೂಷ್ಟು ಪುಡಿಯಾಗುತ್ತದೆ. ಆಗ ಮಾಸ್ಕ್, ಗ್ಲೌಸ್ ಹಾಕಿಕೊಂಡು ಕ್ಯಾಸೆಟ್ಟಿನ ತಳದ ಐದು ಸ್ಕ್ರೂ ಬಿಚ್ಚಿ, ರೀಲ್ ಹೊರತೆಗೆದು, ನಯವಾದ ನೂಲುದುರದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಕಿಸಿ ಟೇಪನ್ನು ಅದರ ನಡುವೆ ನಿಧಾನ ಹಾಯಿಸಬೇಕು. ಆಲ್ಕೊಹಾಲ್ 99 ಶೇಕಡದ್ದೇ ಇರಲಿ. ಮೆಡಿಕಲ್ ಅಂಗಡಿಯ 70 ಶೇಕಡದ ಬಾಟಲಿಯಲ್ಲಿ ನೀರಿರುತ್ತದೆ. ಶುಚಿಯಾದ ರೀಲನ್ನು ಹೊಸ ಶೆಲ್ಲಿಗೆ ವರ್ಗಾಯಿಸಿ, ಹಳೇ ಶೆಲ್ಲಿನ ಲೇಬಲ್ ಇರುವ ಭಾಗವನ್ನು ಇಟ್ಟುಕೊಳ್ಳಬೇಕು.

ವಿಸಿಆರ್ ಹೆಡ್ ಒರೆಸುವುದಕ್ಕೂ ಒಂದು ಕ್ರಮವಿದೆ. ಚಾಮೊಯಿ ಚರ್ಮದ ಕಡ್ಡಿಯನ್ನು ಹೆಡ್ ಕೂತಿರುವ ಡ್ರಮ್ಮಿಗೆ ಒತ್ತದೆ ತಾಕಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಡ್ರಮ್ಮನ್ನು ತಿರುಗಿಸಬೇಕು. ಕಡ್ಡಿಯನ್ನು ಮೇಲೆ ಕೆಳಗೆ ಆಡಿಸಿದರೆ ಹೆಡ್ಡಿನ ತುದಿ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಯ ಕಡ್ಡಿ ಬೇಡವೇ ಬೇಡ, ಅದರ ಎಳೆ ಸಿಕ್ಕಿಕೊಳ್ಳುತ್ತದೆ. ಇವತ್ತಿಗೆ ಒಳ್ಳೆಯ ವಿಸಿಆರ್ ಸಿಗುವುದು ಕಷ್ಟ, ಹೊಸ ಹೆಡ್ ಸಿಗುವುದು ಇನ್ನೂ ಕಷ್ಟ.

ವರ್ಷಗಟ್ಟಲೆ ಒಂದೇ ಭಂಗಿಯಲ್ಲಿದ್ದ ಟೇಪನ್ನು ಪ್ಲೇ ಮಾಡುವ ಮೊದಲು ಕೊನೆಯವರೆಗೆ ಫಾರ್ವರ್ಡ್, ಮತ್ತೆ ರಿವೈಂಡ್ ಮಾಡಿದರೆ ಬಿಗಿ ಸಮವಾಗುತ್ತದೆ. ಆಮೇಲೆ ವಿಸಿಆರ್‌ನಿಂದ ಎಸ್-ವಿಡಿಯೊ ತಂತಿ, ನಡುವೆ ಸಿಗ್ನಲ್ಲಿನ ತಾಳ ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಪೆಟ್ಟಿಗೆ, ಅಲ್ಲಿಂದ ಚಿತ್ರವನ್ನು ಕಂಪ್ಯೂಟರಿಗೆ ತರುವ ಕ್ಯಾಪ್ಚರ್ ಕಾರ್ಡ್. ನಡುವಿನ ಪೆಟ್ಟಿಗೆಯನ್ನು ಬಿಟ್ಟು ದುಡ್ಡು ಉಳಿಸಹೋದವರಿಗೆ ಆಗುವುದು ಇಷ್ಟು: ಹಳೇ ಟೇಪಿನ ಸಿಗ್ನಲ್ ಸೆಕೆಂಡಿಗೆ 25 ಫ್ರೇಮಿನ ತಾಳ ತಪ್ಪುತ್ತದೆ, ಅಗ್ಗದ ಯುಎಸ್‌ಬಿ ಡಾಂಗಲ್ ಸದ್ದಿಲ್ಲದೆ ಫ್ರೇಮ್ ಬಿಡುತ್ತದೆ, ಅರ್ಧ ಗಂಟೆಯ ಹೊತ್ತಿಗೆ ಮಾತಿಗೂ ತುಟಿಗೂ ಹೊಂದಿಕೆ ಇರುವುದಿಲ್ಲ. ಸಂಕುಚನವಿಲ್ಲದ 8 ಬಿಟ್ ಪಾಲ್ (ಆ ಕಾಲದ ನಮ್ಮ ಟಿವಿ ಮಾನಕ) ವಿಡಿಯೊ ಗಂಟೆಗೆ ಸುಮಾರು 75 ಜಿಬಿ ತಿನ್ನುತ್ತದೆ. ಎಫ್‌ಎಫ್‌ವಿ1 ಕೋಡೆಕ್ ಒಂದು ಪಿಕ್ಸೆಲ್ಲೂ ಕಳೆಯದೆ ಅದನ್ನು ಅರ್ಧದ ಆಸುಪಾಸಿಗೆ ಇಳಿಸುತ್ತದೆ. ಮೂಲ ಪ್ರತಿ ಇಂಟರ್‌ಲೇಸ್ (ಗೆರೆ ಬಿಟ್ಟು ಗೆರೆ ಹೆಣೆದ ಚಿತ್ರ) ಆಗಿಯೇ ಇರಲಿ, ಚಿತ್ರದ ಕೆಳಗಂಚಿನ ಗೀರುಗಳನ್ನು ಕತ್ತರಿಸುವುದು ಬೇಡ, ‘ಎಐ’ ಹಾಕಿ ಮುಖ ಮೆರುಗುಗೊಳಿಸುವುದಂತೂ ಬೇಡ. ಹಾಗೆ ಮಾಡಿದ ಪ್ರತಿಯಲ್ಲಿ ಬ್ಯಾನರಿನ ಅಕ್ಷರಗಳೇ ಬದಲಾಗಿರುತ್ತವೆ, ಕಾಲ ಪತ್ತೆಗೆ ನಾವು ನೆಚ್ಚುವುದೇ ಆ ಅಕ್ಷರಗಳನ್ನು.

ಒಂದೇ ಸುದ್ದಿಯ ಎರಡು ಟೇಪು ಸಿಕ್ಕರೆ ಯಾವುದು ಮೇಲು? ಆ ಕಾಲದ ಎಡಿಟಿಂಗ್ ಎಂದರೆ ಎರಡು ವಿಸಿಆರ್, ಒಂದರಿಂದ ಇನ್ನೊಂದಕ್ಕೆ ಕಟ್-ಟು-ಕಟ್. ಕ್ಯಾಮೆರಾ ಟೇಪು ಮೊದಲ ತಲೆಮಾರು, ಎಡಿಟ್ ಆದದ್ದು ಎರಡನೆಯದು, ಪಕ್ಕದ ತಾಲ್ಲೂಕಿನ ಕಂಟ್ರೋಲ್ ರೂಮಿಗೆ ಬಸ್ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದ್ದು ಮೂರನೆಯದು. ಪ್ರತಿ ತಲೆಮಾರಿಗೂ ಬಣ್ಣ ಸೋರುತ್ತದೆ, ಕೆಂಪು ಮೊದಲು ಹರಡಿಕೊಳ್ಳುತ್ತದೆ. ಚಿತ್ರಕ್ಕೆ ಕ್ಯಾಮೆರಾ ಟೇಪೇ ಮೇಲು. ಆದರೆ ವಾಯ್ಸ್ ಓವರ್ ಇರುವುದು ಎಡಿಟ್ ಆದದ್ದರಲ್ಲಿ ಮಾತ್ರ, ಸುದ್ದಿಮನೆ ಆ ಘಟನೆಯನ್ನು ಏನೆಂದು ಕರೆಯಿತು ಎಂಬುದು ಅಲ್ಲೇ ಇದೆ. ಎರಡನ್ನೂ ಇಡಬೇಕು.

ಈಗ ಬಾಲದ ವಿಚಾರ. ಮೂರು ಗಂಟೆಯ ಟೇಪಿನ ಮೇಲೆ ನಲವತ್ತು ನಿಮಿಷದ ಹೊಸ ರೆಕಾರ್ಡಿಂಗ್ ಹಾಕಿದರೆ ಉಳಿದ ಎರಡು ಗಂಟೆ ಇಪ್ಪತ್ತು ನಿಮಿಷ ಹಳೆಯದು ಹಾಗೇ ಇರುತ್ತದೆ. ಅದರ ಮೇಲೆ ಮತ್ತೊಮ್ಮೆ ಅರ್ಧ ಗಂಟೆ ಹಾಕಿದರೆ ಮೂರು ಪದರ. ಲೇಬಲ್ ಹೇಳುವುದು ಮೇಲಿನ ಪದರವನ್ನಷ್ಟೇ. ಆದ್ದರಿಂದ ಲೇಬಲ್ಲಿನ ಕಾರ್ಯಕ್ರಮ ಮುಗಿದು ಪರದೆ ತುಂಬ ಚುಕ್ಕಿ ಬಂದರೂ ಕ್ಯಾಪ್ಚರ್ ನಿಲ್ಲಿಸಬಾರದು. ಟೇಪು ತಾನಾಗಿ ನಿಲ್ಲುವವರೆಗೆ ಓಡಬೇಕು. ‘ಮದುವೆ, ಪೂರ್ತಿ’ ಎಂದು ಬರೆದ ಕ್ಯಾಸೆಟ್ಟಿನ ತುದಿಯಲ್ಲಿ ಜಿಲ್ಲಾ ಪಂಚಾಯ್ತಿ ಸಭೆ ಇರುವುದು ವಿಶೇಷವೇನಲ್ಲ. ಮದುವೆ ಶೂಟಿಂಗ್ ಮಾಡಿ ಸುದ್ದಿಗೆ ಸಂಬಳ ಹೊಂದಿಸುತ್ತಿದ್ದ ಸಂಸ್ಥೆಗಳಿವು. ಮದುವೆ ಟೇಪು ಸುದ್ದಿಗೆ, ಸುದ್ದಿ ಟೇಪು ಮದುವೆಗೆ ಓಡಾಡುತ್ತಿತ್ತು. ವಿಭಾಗದ ಅತಿ ಹಳೆಯ ದೃಶ್ಯಗಳು ಹೆಚ್ಚಾಗಿ ಸಿಕ್ಕಿದ್ದು ಇಂಥ ಬಾಲಗಳಲ್ಲೇ.

ಜಾಹೀರಾತು ಟೇಪುಗಳನ್ನು ಬಹಳ ಜನ ಬಿಸಾಡುತ್ತಾರೆ. ಸೀರೆ ಅಂಗಡಿ, ಚಿನ್ನದಂಗಡಿ, ಟ್ಯುಟೋರಿಯಲ್, ಭಾವಚಿತ್ರದ ಕೆಳಗೆ ಉರುಳುವ ಶ್ರದ್ಧಾಂಜಲಿ: ಸುದ್ದಿ ವಿಭಾಗ ಬದುಕಿದ್ದು ಇವುಗಳಿಂದ, ಕಾಲ ಪತ್ತೆಗೆ ಇವಕ್ಕಿಂತ ಒಳ್ಳೆಯ ಸಾಧನವೂ ಇಲ್ಲ. ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ ಶುರುವಾದದ್ದು 2002ರ ಅಕ್ಟೋಬರ್‌ನಲ್ಲಿ. ಜಾಹೀರಾತಿನಲ್ಲಿ 9448ರಿಂದ ಶುರುವಾಗುವ ನಂಬರ್ ಕಂಡರೆ ಅದು ಆಮೇಲಿನದು. ಬೋರ್ಡಿನಲ್ಲಿ ದಾವಣಗೆರೆ ಅಥವಾ ಉಡುಪಿ ‘ಜಿಲ್ಲೆ’ ಎಂದಿದ್ದರೆ 1997ರ ಆಗಸ್ಟ್ ನಂತರದ್ದು. ಮತ ಎಣಿಕೆಯಲ್ಲಿ ಕಾಗದದ ಮತಪತ್ರದ ಕಟ್ಟುಗಳು ಕಂಡರೆ, ವಿಧಾನಸಭೆ ಅಥವಾ ಲೋಕಸಭೆಯ ಚುನಾವಣೆಯಾದರೆ, 2004ಕ್ಕಿಂತ ಹಿಂದಿನದು. ಪಂಚಾಯ್ತಿ ಚುನಾವಣೆಯಲ್ಲಿ ಈ ಸೂತ್ರ ನಡೆಯುವುದಿಲ್ಲ. ಊರಿಗೆ ಊರೇ ಬಾಗಿಲು ಹಾಕಿ ರಸ್ತೆಯಲ್ಲಿ ರಾಜ್‌ಕುಮಾರ್ ಭಾವಚಿತ್ರ ಹಿಡಿದ ಮೆರವಣಿಗೆ ಕಂಡರೆ ಆತುರ ಬೇಡ. 2000ದ ಜುಲೈ 30ರ ಅಪಹರಣದ ನಂತರದ ದಿನಗಳೂ ಇರಬಹುದು, 2006ರ ಏಪ್ರಿಲ್ 12ರ ನಿಧನದ ನಂತರದ್ದೂ ಇರಬಹುದು. ಘೋಷಣೆ ಕೇಳಿ ತೀರ್ಮಾನಿಸಬೇಕು.

ಹೀಗೆ ಹಿಡಿದ ದಿನಾಂಕವನ್ನು ಪತ್ರಿಕೆಯ ಜಿಲ್ಲಾ ಪುಟದ ಜೊತೆ ತಾಳೆ ನೋಡಲೇಬೇಕು. ಜಿಲ್ಲಾ ಕೇಂದ್ರ ಗ್ರಂಥಾಲಯದ ಹಳೇ ಸಂಪುಟಗಳು, ವಾರ್ತಾ ಇಲಾಖೆಯ ಪತ್ರಿಕಾ ಪ್ರಕಟಣೆಗಳು ಸಾಕು. ಪಟ್ಟಿಯಲ್ಲಿ ‘ಖಚಿತ’, ‘ಅಂದಾಜು’ ಎಂದು ಎರಡು ಕಲಮು ಬೇರೆ ಇರಲಿ. ಒಂದರಲ್ಲೇ ಬೆರೆಸಿದರೆ ಅಂದಾಜುಗಳೆಲ್ಲ ನಿಧಾನಕ್ಕೆ ಖಚಿತವಾಗಿಬಿಡುತ್ತವೆ.

ಮಿನಿಡಿವಿ ಕಾಲಕ್ಕೆ ಬಂದರೆ ಕೆಲಸ ಅರ್ಧ ಹಗುರ. ಡಿವಿ ಟೇಪಿನಲ್ಲಿ ಚಿತ್ರದ ಜೊತೆ ರೆಕಾರ್ಡ್ ಆದ ದಿನಾಂಕ, ವೇಳೆ ಅಡಗಿರುತ್ತದೆ. ಫೈರ್‌ವೈರ್ ತಂತಿಯಲ್ಲಿ ಇಳಿಸಿದರೆ ಟೇಪಿನ ಮೇಲಿನ ಅಂಕಿಗಳೇ ಹಾಗೇ ಬರುತ್ತವೆ, ಗಂಟೆಗೆ ಸುಮಾರು 13 ಜಿಬಿ. ಅದನ್ನು ಬಿಟ್ಟು ಹಳದಿ-ಕೆಂಪು-ಬಿಳಿ ತಂತಿಯಲ್ಲಿ ಇಳಿಸಿದರೆ ದಿನಾಂಕ ಹೋಯಿತು, ಚಿತ್ರವೂ ಒಂದು ತಲೆಮಾರು ಇಳಿಯಿತು. ಕ್ಯಾಮೆರಾದ ಗಡಿಯಾರ ಸರಿಯಿತ್ತೇ ಎಂಬುದನ್ನು ಮಾತ್ರ ಪರೀಕ್ಷಿಸಬೇಕು. ಒಳಗಿನ ಬಟನ್ ಸೆಲ್ ಸತ್ತ ಕ್ಯಾಮೆರಾ ಪ್ರತಿ ಬಾರಿಯೂ ಯಾವುದೋ ಜನವರಿ ಒಂದಕ್ಕೆ ಮರಳುತ್ತದೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಟೇಪುಗಳನ್ನು ಮೊದಲು ನೋಡಿದರೆ ಆ ಕ್ಯಾಮೆರಾ ಎಷ್ಟು ಹಿಂದೆ ಮುಂದೆ ಇತ್ತೆಂದು ತಿಳಿಯುತ್ತದೆ. ಅದೇ ವ್ಯತ್ಯಾಸವನ್ನು ಅದರ ಉಳಿದ ಟೇಪುಗಳಿಗೂ ಹಾಕಬಹುದು.

ಡಿವಿಯ ತೊಂದರೆ ಬೇರೆ. ವಿಎಚ್‌ಎಸ್ ಕೆಟ್ಟರೂ ಮಸುಕಾಗಿ ಏನೋ ಕಾಣುತ್ತದೆ, ಡಿವಿ ಕೆಟ್ಟರೆ ಚೌಕ ಚೌಕ, ಆಮೇಲೆ ನೀಲಿ. ಸಾಮಾನ್ಯ ವೇಗದಲ್ಲಿ ಡಿವಿ ಟ್ರ್ಯಾಕಿನ ಅಗಲ 10 ಮೈಕ್ರಾನ್, ಡಿವಿಯ ವೃತ್ತಿಪರ ರೂಪ ಡಿವಿಕ್ಯಾಮ್‌ನಲ್ಲಿ 15, ನಿಧಾನ ವೇಗದ ಎಲ್‌ಪಿಯಲ್ಲಿ 6.7 ಮಾತ್ರ. ಅರವತ್ತು ನಿಮಿಷದ ಟೇಪಿನಲ್ಲಿ ತೊಂಬತ್ತು ನಿಮಿಷ ಹಿಡಿಯಲು ಎಲ್‌ಪಿಗೆ ಹಾಕಿದ ಟೇಪುಗಳು ತಾವು ರೆಕಾರ್ಡ್ ಆದ ಕ್ಯಾಮೆರಾ ಬಿಟ್ಟು ಬೇರೆಯದರಲ್ಲಿ ಓಡಲು ಅನೇಕ ಸಲ ಒಪ್ಪುವುದಿಲ್ಲ. ಆದ್ದರಿಂದ ಮೂಲೆಗೆ ಬಿದ್ದ ಹಳೇ ಕ್ಯಾಮೆರಾಗಳನ್ನು ಗುಜರಿಗೆ ಹಾಕದೆ, ಯಾವ ಟೇಪು ಯಾವ ಕ್ಯಾಮೆರಾದ್ದೆಂದು ರಿಜಿಸ್ಟರ್ ನೋಡಿ ಅದರಲ್ಲೇ ಹಾಕಿ ನೋಡಬೇಕು. ಲೆನ್ಸ್ ಕೆಟ್ಟಿದ್ದರೂ ಟೇಪಿನ ಭಾಗ ಕೆಲಸ ಮಾಡಿದರೆ ಸಾಕು. ಒಂದೇ ಟೇಪನ್ನು ಎರಡು ಮೂರು ಯಂತ್ರಗಳಲ್ಲಿ ಇಳಿಸಿದಾಗ ಒಂದರಲ್ಲಿ ಕೆಟ್ಟ ಫ್ರೇಮ್ ಇನ್ನೊಂದರಲ್ಲಿ ಸರಿ ಬಂದಿರುತ್ತದೆ. ಅವನ್ನು ಹೊಲಿದು ಒಂದು ಮಾಡಲು ಡಿವಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶವಿದೆ.

ಧ್ವನಿಯ ಎರಡು ಚಾನೆಲ್ಲುಗಳನ್ನು ಬೆರೆಸಬಾರದು. ಸಾಮಾನ್ಯವಾಗಿ ಒಂದರಲ್ಲಿ ಚಾನೆಲ್ಲಿನ ಲೋಗೋ ಇರುವ ಮೈಕ್, ಇನ್ನೊಂದರಲ್ಲಿ ಕ್ಯಾಮೆರಾದ ಮೈಕ್. ಪ್ರಸಾರಕ್ಕೆ ಹೋಗುತ್ತಿದ್ದದ್ದು ಮೊದಲನೆಯದು. ಚರಿತ್ರೆಗೆ ಬೇಕಾದ್ದು ಎರಡನೆಯದರಲ್ಲೂ ಇದೆ: ಬೈಟ್ (ಕ್ಯಾಮೆರಾ ಮುಂದೆ ಹೇಳಿಕೆ) ಕೊಡುವವರಿಗೆ ‘ಸಾರ್, ಇನ್ನೊಂದ್ಸಲ ಹೇಳಿ, ಚಿಕ್ಕದಾಗಿ’ ಎನ್ನುವ ಕ್ಯಾಮೆರಾಮನ್, ಮುಂದಿನ ಕಾರ್ಯಕ್ರಮಕ್ಕೆ ಓಡುವ ಆತುರ, ಪಕ್ಕದ ಚಾನೆಲ್ಲಿನವರ ಜೊತೆ ಜಾಗಕ್ಕೆ ಜಗಳ.

ಈ ಟೇಪುಗಳನ್ನು ಸಾಲಾಗಿ ನೋಡಿದಾಗ ವಿಭಾಗದ ಚರಿತ್ರೆ ಯಂತ್ರದ ಬೆನ್ನಿಗೇ ಬರುವುದು ಕಾಣುತ್ತದೆ. ವಿಎಚ್‌ಎಸ್ ಕಾಲದ ಸುದ್ದಿ ಬಹುತೇಕ ಬೆಳಗಿನ ಕಾರ್ಯಕ್ರಮ: ಉದ್ಘಾಟನೆ, ಸನ್ಮಾನ, ಧರಣಿ. ಊರಲ್ಲಿ ಸಂಜೆ ಏನೂ ನಡೆಯುತ್ತಿರಲಿಲ್ಲ ಎಂದಲ್ಲ. ಎರಡು ವಿಸಿಆರ್‌ನಲ್ಲಿ ಅರ್ಧ ಗಂಟೆ ಬುಲೆಟಿನ್ ಕಟ್ಟಲು ಮಧ್ಯಾಹ್ನವೆಲ್ಲ ಬೇಕಿತ್ತು, ಸಂಜೆಯದ್ದು ನಾಳೆಗೆ ಹೋಗುತ್ತಿತ್ತು, ನಾಳೆ ಅದು ಪತ್ರಿಕೆಯಲ್ಲಿ ಬಂದು ಹಳಸುತ್ತಿತ್ತು. ಮಿನಿಡಿವಿ ಮತ್ತು ಕಂಪ್ಯೂಟರ್ ಬಂದಾಗ ಎಡಿಟಿಂಗ್ ವೇಗವಾಯಿತು, ಆದರೆ ಟೇಪು ಇಳಿಸಲು ಅದರ ಉದ್ದದಷ್ಟೇ ಹೊತ್ತು ಬೇಕು. ಅದಕ್ಕೇ ಆ ವರ್ಷಗಳ ರಶಸ್ (ಎಡಿಟ್ ಆಗದ ಮೂಲ ದೃಶ್ಯಗಳು) ಚಿಕ್ಕವು, ಶಾಟುಗಳು ಎಣಿಸಿ ತೆಗೆದಂತಿವೆ. ಮೆಮೊರಿ ಕಾರ್ಡ್ ಬಂದಮೇಲೆ ಹತ್ತು ನಿಮಿಷದಲ್ಲಿ ಎಲ್ಲ ಕಂಪ್ಯೂಟರಿನೊಳಗೆ. ಅಪಘಾತ, ಬೆಂಕಿ, ರಾತ್ರಿಯ ಪೊಲೀಸ್ ದಾಳಿ ಬುಲೆಟಿನ್ ಹೊಕ್ಕದ್ದು ಆಗ.

ಪ್ರಸಾರದ ದಾರಿಯೂ ಬದಲಾಯಿತು. ಅನಲಾಗ್ ಕಾಲದಲ್ಲಿ ಕಂಟ್ರೋಲ್ ರೂಮಿನಲ್ಲಿ ಚಿತ್ರವನ್ನು ಕೇಬಲ್ಲಿಗೆ ಏರಿಸುವ ಒಂದು ಮಾಡ್ಯುಲೇಟರ್‌ಗೆ ವಿಸಿಆರ್ ತಂತಿ ಸಿಕ್ಕಿಸಿದರೆ ಚಾನೆಲ್ ಆಯಿತು. ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾದಾಗ, ಬೆಂಗಳೂರು ಮೈಸೂರಿಗೆ 2013ರಲ್ಲಿ, ಉಳಿದ ಪಟ್ಟಣಗಳಿಗೆ 2015ರ ಕೊನೆಯ ಗಡುವಿನಿಂದ, ಹಳ್ಳಿಗಳಿಗೆ 2017ರ ಮಾರ್ಚ್ ಗಡುವಿನಿಂದ, ಸಿಗ್ನಲ್ ದೊಡ್ಡ ಕಂಪನಿಯ ಹೆಡ್‌ಎಂಡ್ ಎಂಬ ಮುಖ್ಯ ಪ್ರಸಾರ ಕೇಂದ್ರಕ್ಕೆ ಹೋಗಿ ಎನ್‌ಕೋಡ್ ಆಗಿ ಬರಬೇಕಾಯಿತು. ಊರಿನ ಆಪರೇಟರ್ ಕೈಯಲ್ಲಿದ್ದ ಕೀಲಿ ಬೇರೆಯವರ ಕೈಗೆ ಹೋಯಿತು. ಬಹಳಷ್ಟು ಸುದ್ದಿ ವಿಭಾಗಗಳು ಯೂಟ್ಯೂಬಿಗೆ ಹೋದದ್ದಕ್ಕೆ ಇದೂ ಒಂದು ಕಾರಣ.

ಸ್ಕ್ರಿಪ್ಟುಗಳ ಫೈಲು ಸಿಕ್ಕರೆ ಬಿಡಬೇಡಿ. ನುಡಿ, ಬರಹ, ಶ್ರೀಲಿಪಿಯ ಹಳೇ ಫಾಂಟಿನಲ್ಲಿ ಟೈಪ್ ಆದದ್ದು ಇಂದಿನ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳಾಗಿ ಕಾಣುತ್ತದೆ, ಫೈಲು ಕೆಟ್ಟಿದೆ ಎಂದು ಅಳಿಸುವವರುಂಟು. ಮೊದಲು ಫಾಂಟಿನ ಹೆಸರು ಬರೆದಿಟ್ಟುಕೊಂಡು, ಆ ಫಾಂಟಿಗೇ ತಕ್ಕ ಪರಿವರ್ತಕದಲ್ಲಿ ಯೂನಿಕೋಡಿಗೆ ತರಬೇಕು. ಅರ್ಕಾವತ್ತು, ಎರಡು ಒತ್ತಕ್ಷರ ಸೇರಿದ ಜಾಗ, ಅಂಕಿಗಳು ಪಲ್ಲಟವಾಗುತ್ತವೆ. ಊರು, ವ್ಯಕ್ತಿಗಳ ಹೆಸರುಗಳನ್ನು ಕಣ್ಣಿಂದಲೇ ತಿದ್ದಬೇಕು.

ಎಲ್ಲವನ್ನೂ ಎಲ್ಲರಿಗೂ ತೋರಿಸುವಂತಿಲ್ಲ. ಹಳೇ ರಶಸ್‌ನಲ್ಲಿ ಮುಚ್ಚದ ಹೆಣ, ಠಾಣೆಯಲ್ಲಿ ಕೂರಿಸಿದ ಬಾಲಕರು, ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳ ಮುಖ ನೇರವಾಗಿ ಇವೆ. ಮಕ್ಕಳ ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು, ಅತ್ಯಾಚಾರ ಸಂತ್ರಸ್ತರದ್ದನ್ನು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮು ನಿಷೇಧಿಸುತ್ತವೆ. ಮೂಲ ಪ್ರತಿಯನ್ನು ಕತ್ತರಿಸದೆ ಇಟ್ಟು, ಪಟ್ಟಿಯಲ್ಲಿ ‘ನಿರ್ಬಂಧಿತ’ ಎಂದು ಗುರುತು ಹಾಕಿ, ಹೆಸರು ಬರೆಯದೆ ಬಿಡುವುದು ಸರಿಯಾದ ಕ್ರಮ.

ಅತಿ ಹೆಚ್ಚು ಕಳೆದುಹೋದದ್ದು ಅತಿ ಹಳೆಯದು ಎಂದುಕೊಂಡರೆ ತಪ್ಪು. ದೊಡ್ಡ ಕಂದಕ ಇರುವುದು ಟೇಪು ನಿಂತು ಕಾರ್ಡ್ ಬಂದ ಮೊದಲ ವರ್ಷಗಳಲ್ಲಿ. ಟೇಪಿಗೆ ಬಾಲವಿದೆ, ಕಾರ್ಡಿಗಿಲ್ಲ. ಪ್ರತಿ ಬೆಳಗ್ಗೆ ಫಾರ್ಮ್ಯಾಟ್ ಮಾಡಿ ಪೂರ್ತಿ ತುಂಬಿದ ಕಾರ್ಡಿನಲ್ಲಿ ಹಿಂದಿನದು ಉಳಿಯುವುದಿಲ್ಲ. ಹಾರ್ಡ್‌ಡಿಸ್ಕ್ ತುಂಬಿದಾಗ ಮೊದಲು ಅಳಿಸಿದ್ದು ವಿಡಿಯೊ, ಏಕೆಂದರೆ ಜಾಗ ತಿನ್ನುವುದು ಅದೇ. ಆದರೆ ಎಡಿಟಿಂಗಿನ ಪ್ರಾಜೆಕ್ಟ್ ಫೈಲುಗಳು ಚಿಕ್ಕವಾದ್ದರಿಂದ ಬಚಾವಾಗಿರುತ್ತವೆ. ಎಡಿಟಿಂಗ್ ತಂತ್ರಾಂಶ ಪ್ರೀಮಿಯರ್ ಪ್ರೊದ ಪ್ರಾಜೆಕ್ಟ್ ಎಂದರೆ ಒಳಗೆ ಎಕ್ಸ್‌ಎಂಎಲ್ ಪಠ್ಯ, ಹೆಚ್ಚಿನ ಆವೃತ್ತಿಗಳಲ್ಲಿ ಜಿಜಿಪ್ ಆಗಿ ಒತ್ತಿ ಚಿಕ್ಕದು ಮಾಡಿದ್ದು. ಬಿಚ್ಚಿ ಸಾದಾ ಎಡಿಟರ್‌ನಲ್ಲಿ ತೆರೆದರೆ ಟೈಮ್‌ಲೈನಿನಲ್ಲಿದ್ದ ಪ್ರತಿ ಕ್ಲಿಪ್ಪಿನ ಹೆಸರು, ಎಲ್ಲಿಂದ ಎಲ್ಲಿಗೆ ಕತ್ತರಿಸಿದರು ಎಂಬುದು ಸಿಗುತ್ತದೆ. ಚಿತ್ರ ಹೋಗಿದ್ದರೂ ಆ ರಾತ್ರಿ ಯಾವ ಸುದ್ದಿ ಮೊದಲು ಹೋಯಿತು, ಯಾವುದಕ್ಕೆ ಎಷ್ಟು ಸೆಕೆಂಡು ಕೊಟ್ಟರು ಎಂಬ ರನ್‌ಡೌನ್ ಹೀಗೆ ವಾಪಸ್ಸು ಬರುತ್ತದೆ.

ಇನ್ನು ಉಳಿದ ಮೂಲ ಊರಿನ ಮನೆಗಳು. ಮಗಳ ಭರತನಾಟ್ಯ, ಅಪ್ಪನ ಸನ್ಮಾನ ಸುದ್ದಿಯಲ್ಲಿ ಬಂದ ರಾತ್ರಿ ಮನೆಯ ವಿಸಿಆರ್‌ನಲ್ಲಿ ಹಿಡಿದವರಿದ್ದಾರೆ. ಪ್ರಸಾರವಾದ ಬುಲೆಟಿನ್, ಆಂಕರ್ ಮುಖ, ನಡುವಿನ ಜಾಹೀರಾತು ಸಮೇತ ಉಳಿದಿರುವುದು ಅಲ್ಲಿ ಮಾತ್ರ. ಕೇಳಿ ಪಡೆಯುವಾಗ ಟೇಪನ್ನು ವಾಪಸ್ ಕೊಡುವ ದಿನ ಬರೆದ ಚೀಟಿ ಕೊಡಬೇಕು. ಮನೆಯವರು ಟೇಪು ಉಳಿಸಲು ಎಲ್‌ಪಿ ವೇಗದಲ್ಲಿ ಹಿಡಿದಿರುವುದುಂಟು, ಮೂರು ಗಂಟೆಯ ಇ-180 ಕ್ಯಾಸೆಟ್ಟಿನಲ್ಲಿ ಆರು ಗಂಟೆ. ಎಲ್‌ಪಿ ಇಲ್ಲದ ವಿಸಿಆರ್‌ಗೆ ಹಾಕಿದರೆ ಚಿತ್ರ ಎರಡರಷ್ಟು ವೇಗದಲ್ಲಿ ಓಡಿ, ಧ್ವನಿ ಕೀರಲಾಗುತ್ತದೆ. ಟೇಪು ಕೆಟ್ಟಿದೆ ಎಂದು ತಿರುಗಿ ಕಳಿಸುವ ಮೊದಲು ಎಲ್‌ಪಿ ಓದುವ ಯಂತ್ರದಲ್ಲಿ ಒಮ್ಮೆ ಹಾಕಿ ನೋಡಬೇಕು.